ತಾಜ್ ಮಹಲಿನ ಇನ್ನೊಂದು ಸೂತಕ

ತಾಜ್ ಮಹಲ್ ನಿಂತಿರುವ ನೆಲ ಅದನ್ನು ಕಟ್ಟಿಸಿದ ಷಹಜಹಾನನದಾಗಿರಲಿಲ್ಲ. ಯಮುನೆಯ ದಂಡೆಯ ಆ ಜಾಗದಲ್ಲಿ ಮೊದಲು ಅಂಬೇರಿನ ರಾಜಾ ಮಾನಸಿಂಗನ ಮನೆಯಿತ್ತು, ಆಮೇಲೆ ಅದು ಅವನ ಮರಿಮೊಮ್ಮಗ ರಾಜಾ ಜಯಸಿಂಗನ ಕೈಗೆ ಬಂದಿತ್ತು ಎಂದು ಆಸ್ಥಾನದ ಇತಿಹಾಸಕಾರ ಅಬ್ದುಲ್ ಹಮೀದ್ ಲಾಹೋರಿ ‘ಪಾದಶಾಹನಾಮಾ’ದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಅದಕ್ಕೆ ಬದಲಾಗಿ ಜಯಸಿಂಗನಿಗೆ ಆಗ್ರಾದಲ್ಲೇ ಬೇರೆ ಹವೇಲಿಗಳನ್ನು ಬಿಟ್ಟುಕೊಟ್ಟ ಫರ್ಮಾನೂ ಉಳಿದಿದೆ. ಇದೊಂದು ಮಾತನ್ನು ಹಿಡಿದುಕೊಂಡು ಕಟ್ಟಡ ಯಾರದು ಎಂಬ ಜಗಳ ದಶಕಗಳಿಂದ ನಡೆಯುತ್ತಿದೆ. ಆ ವಿಷಯದಲ್ಲಿ ದಾಖಲೆಗಳು ಗಟ್ಟಿಯಾಗಿವೆ. ಜಗಳಕ್ಕೆ ಅಲ್ಲಿ ಆಸ್ಪದವಿಲ್ಲ. ಆದರೆ ಆ ಗದ್ದಲದಲ್ಲಿ ಕೇಳಲೇಬೇಕಿದ್ದ ಬೇರೊಂದು ಪ್ರಶ್ನೆ ಮುಳುಗಿಹೋಯಿತು. ಈ ಮಾನಸಿಂಗ ಷಹಜಹಾನನ ಮನೆತನಕ್ಕೆ ಏನಾಗಬೇಕು? ಅವನು ಷಹಜಹಾನನ ಮಲಸಹೋದರ, ಜಹಾಂಗೀರನ ಹಿರಿಯ ಮಗ ಖುಸ್ರೋಗೆ ಸೋದರಮಾವ. 1605ರಲ್ಲಿ ಅಕ್ಬರ್ ಸಾವಿನ ಹಾಸಿಗೆಯಲ್ಲಿದ್ದಾಗ ಪಟ್ಟ ಜಹಾಂಗೀರನಿಗೆ ಹೋಗದಂತೆ ತಡೆದು ಸೋದರಳಿಯನನ್ನೇ ಗದ್ದುಗೆಯ ಮೇಲೆ ಕೂರಿಸಲು ಹೊರಟವನು. ಆ ಸೋದರಳಿಯ 1622ರಲ್ಲಿ ಷಹಜಹಾನನ ಸೆರೆಯಲ್ಲಿ ಸತ್ತ. ಆರು ವರ್ಷದ ಬಳಿಕ ಅವನ ಇಬ್ಬರು ಗಂಡುಮಕ್ಕಳನ್ನು ಷಹಜಹಾನನ ಅಪ್ಪಣೆಯ ಮೇಲೆ ಕೊಲ್ಲಲಾಯಿತು. ಅದಾಗಿ ನಾಲ್ಕು ವರ್ಷಕ್ಕೆ, ಅದೇ ಸೋದರಮಾವನ ಮನೆಯ ನಿವೇಶನದಲ್ಲಿ ತಾಜ್ ಮಹಲಿನ ಪಾಯ ತೆಗೆದರು.

ತಾಜ್ ಹಿಂದಿರುವ ದುರಂತ ಎಂದರೆ ಹದಿನಾಲ್ಕನೇ ಹೆರಿಗೆಯಲ್ಲಿ ತೀರಿಕೊಂಡ ಮುಮ್ತಾಜಳ ಕಥೆ ಎಂಬುದು ನಮಗೆ ಶಾಲೆಯ ದಿನಗಳಿಂದಲೇ ಬಂದ ರೂಢಿ. ಆ ಕಥೆ ನಿಜ. ಅದನ್ನು ಅಲ್ಲಗಳೆಯಲು ಈ ಬರಹ ಹೊರಟಿಲ್ಲ. ನನ್ನ ವಾದ ಇಷ್ಟು: ಮುಮ್ತಾಜಳ ಸಾವು ಒಂದು ದೊಡ್ಡ ಕುಟುಂಬ ದುರಂತದ ನಡುವಿನ ಅಧ್ಯಾಯ. ಅದರ ಮೊದಲ ಅಧ್ಯಾಯಗಳು ಪ್ರಯಾಗರಾಜಿನ ಖುಸ್ರೋ ಬಾಗ್‌ನಲ್ಲಿ ಹುದುಗಿವೆ, ಕೊನೆಯ ಅಧ್ಯಾಯಗಳು ಮುಮ್ತಾಜಳ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಕೊರಳಿಗೇ ಬಂದು ನಿಂತವು. ಒಂದು ಸಾವು ಲೋಕಪ್ರಸಿದ್ಧವಾಗಿ, ಉಳಿದವು ಮರೆತುಹೋದದ್ದು ಆಕಸ್ಮಿಕವಲ್ಲ. ಯಾವುದಕ್ಕೆ ಸಮಾಧಿ ಕಟ್ಟಬೇಕು, ಯಾವುದನ್ನು ಎರಡು ಸಾಲಿನಲ್ಲಿ ಬರೆದು ಮುಂದೆ ಹೋಗಬೇಕು ಎಂದು ತೀರ್ಮಾನಿಸುವ ಅಧಿಕಾರ ಗೆದ್ದವನ ಕೈಯಲ್ಲಿತ್ತು.

ಮೊದಲ ಸಾವು ಒಬ್ಬ ತಾಯಿಯದು. ರಾಜಾ ಭಗವಾನದಾಸನ ಮಗಳು, ಮಾನಸಿಂಗನ ಸೋದರಿ ಮಾನ್ ಬಾಯಿಯನ್ನು 1585ರಲ್ಲಿ ರಾಜಕುಮಾರ ಸಲೀಮನಿಗೆ, ಅಂದರೆ ಮುಂದೆ ಜಹಾಂಗೀರ್ ಆದವನಿಗೆ, ಮದುವೆ ಮಾಡಿಕೊಟ್ಟರು. ಎರಡು ವರ್ಷಕ್ಕೆ ಖುಸ್ರೋ ಹುಟ್ಟಿದ. ಚೊಚ್ಚಲ ಗಂಡುಮಗನನ್ನು ಹೆತ್ತವಳೆಂದು ಆಕೆಗೆ ಶಾ ಬೇಗಂ ಎಂಬ ಬಿರುದು ಬಂತು. ಮುಂದೆ ಸಲೀಮ್ ತಂದೆ ಅಕ್ಬರನ ಮೇಲೆ ತಿರುಗಿಬಿದ್ದು ಅಲಹಾಬಾದಿನಲ್ಲಿ, ಅಂದರೆ ಇಂದಿನ ಪ್ರಯಾಗರಾಜಿನಲ್ಲಿ, ತನ್ನದೇ ದರ್ಬಾರು ನಡೆಸತೊಡಗಿದ. ತಾತ ಅಕ್ಬರನಿಗೆ ಮಗನ ಮೇಲೆ ಬೇಸರ, ಮೊಮ್ಮಗ ಖುಸ್ರೋ ಮೇಲೆ ಅಕ್ಕರೆ. ಹೀಗಾಗಿ ಅಪ್ಪನೂ ಮಗನೂ ಒಂದೇ ಪಟ್ಟಕ್ಕೆ ಎದುರಾಳಿಗಳಾದರು. ನಡುವೆ ಸಿಕ್ಕಿಕೊಂಡವಳು ಈ ಹೆಣ್ಣುಮಗಳು. ಅಕ್ಬರನ ಕೊನೆಯ ದಿನಗಳಲ್ಲಿ, 1604–05ರ ಸುಮಾರಿಗೆ, ಆಕೆ ಅಲಹಾಬಾದಿನಲ್ಲಿ ಅಫೀಮು ನುಂಗಿ ಪ್ರಾಣ ಬಿಟ್ಟಳು. ಇದು ವೈರಿಗಳು ಹಬ್ಬಿಸಿದ ಸುದ್ದಿಯಲ್ಲ, ಜಹಾಂಗೀರನೇ ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟ ಸಂಗತಿ. ಮಗ ತಂದೆಯ ಮೇಲೆ ತೋರುತ್ತಿದ್ದ ಹಗೆ, ಸಹೋದರ ಮಾಧೋಸಿಂಗನ ನಡತೆ ಇವೆರಡನ್ನೂ ಆಕೆ ತಾಳಲಾರದೆ ಹೋದಳು ಎನ್ನುತ್ತಾನೆ. ನಾಲ್ಕು ದಿನ ಅನ್ನ ನೀರು ಮುಟ್ಟಲಿಲ್ಲ ಎಂದೂ ಹೇಳಿಕೊಳ್ಳುತ್ತಾನೆ. ಅವನ ದುಃಖವನ್ನು ಶಂಕಿಸಲು ಕಾರಣವಿಲ್ಲ. ಆದರೆ ಸತ್ತವಳ ಮನಸ್ಸನ್ನು ಓದುವಾಗ ಅವನು ಹೊರೆಯನ್ನೆಲ್ಲ ಹದಿಹರೆಯದ ಮಗನ ಹೆಗಲಿಗೆ ಹೊರಿಸಿದ್ದನ್ನು ಗಮನಿಸಬೇಕು. ತಂದೆಯ ಮೇಲೆ ತಿರುಗಿಬೀಳುವ ಪಾಠವನ್ನು ಖುಸ್ರೋ ಬೇರೆಲ್ಲೂ ಕಲಿಯಬೇಕಾಗಿರಲಿಲ್ಲ, ಮನೆಯಲ್ಲೇ ಕಣ್ಣೆದುರು ನಡೆಯುತ್ತಿತ್ತು. ಆ ಮಾತು ಆತ್ಮಚರಿತ್ರೆಯ ಆ ಪುಟದಲ್ಲಿ ಇಲ್ಲ. ಆಕೆಗಾಗಿ ಜಹಾಂಗೀರನ ಚಿತ್ರಕಾರ ಆಕಾ ರಝಾ ವಿನ್ಯಾಸ ಮಾಡಿದ, ಮೇಲೆ ಛತ್ರಿಯಿರುವ ಮೂರು ಅಂತಸ್ತಿನ ಕಲ್ಲಿನ ಸಮಾಧಿ ಈಗಲೂ ಖುಸ್ರೋ ಬಾಗ್‌ನಲ್ಲಿದೆ. ಈ ಮನೆತನದಲ್ಲಿ ಮಡದಿಯ ಸಾವಿಗೆ ಕಲ್ಲಿನಲ್ಲಿ ಕಂಬನಿ ಮಿಡಿದವರಲ್ಲಿ ಷಹಜಹಾನ್ ಮೊದಲಿಗನಲ್ಲ. ಅವನ ತಂದೆ ಆ ದಾರಿಯನ್ನು ಮೊದಲೇ ಹಾಕಿಕೊಟ್ಟಿದ್ದ.

ಅಕ್ಬರ್ ತೀರಿಕೊಂಡು ಆರು ತಿಂಗಳಿಗೆ, 1606ರ ಏಪ್ರಿಲ್‌ನಲ್ಲಿ, ಸಿಕಂದರಾದ ತಾತನ ಸಮಾಧಿಗೆ ಹೋಗಿಬರುವ ನೆಪ ಹೇಳಿ ಖುಸ್ರೋ ಆಗ್ರಾದಿಂದ ತಪ್ಪಿಸಿಕೊಂಡ. ಪಂಜಾಬಿನತ್ತ ಓಡಿ, ಲಾಹೋರಿಗೆ ಮುತ್ತಿಗೆ ಹಾಕಿ, ಸೋತು, ಚಿನಾಬ್ ನದಿ ದಾಟುವಾಗ ಸಿಕ್ಕಿಬಿದ್ದ. ತಂದೆ ಮಗನ ಜೀವ ಉಳಿಸಿದ. ಆದರೆ ಮಗನನ್ನು ನಂಬಿ ಬಂದವರನ್ನು ಲಾಹೋರಿನ ದಾರಿಯ ಎರಡೂ ಬದಿಯಲ್ಲಿ ಶೂಲಕ್ಕೇರಿಸಿ, ಆ ಸಾಲಿನ ನಡುವೆ ಖುಸ್ರೋನನ್ನು ಆನೆಯ ಮೇಲೆ ಕರೆದೊಯ್ಯಿಸಿದ. ಸಿಖ್ಖರ ಐದನೇ ಗುರು ಅರ್ಜನ ದೇವ್ ಖುಸ್ರೋನನ್ನು ಹರಸಿದರೆಂಬ ಆಪಾದನೆಯೂ ಸೇರಿ ಅದೇ ವರ್ಷ ಪ್ರಾಣ ತೆತ್ತರು. ಮರುವರ್ಷ ಸೆರೆಯಲ್ಲಿದ್ದ ಖುಸ್ರೋ ಪರವಾಗಿ ಜಹಾಂಗೀರನನ್ನೇ ಕೊಲ್ಲುವ ಸಂಚು ಬಯಲಾಯಿತು. ಅದರಲ್ಲಿ ತಲೆ ಕಳೆದುಕೊಂಡವರಲ್ಲಿ ಮುಹಮ್ಮದ್ ಷರೀಫ್ ಒಬ್ಬ. ಇವನು ಇತಿಮಾದುದ್ದೌಲನ ಮಗ, ಮುಂದೆ ನೂರ್ ಜಹಾನ್ ಆದವಳ ಅಣ್ಣ, ಮುಮ್ತಾಜಳ ತಂದೆ ಆಸಫ್ ಖಾನನ ಒಡಹುಟ್ಟಿದವನು, ಅಂದರೆ ಅವಳ ದೊಡ್ಡಪ್ಪ. ಮುಮ್ತಾಜಳಿಗೂ ಷಹಜಹಾನನಿಗೂ ನಿಶ್ಚಿತಾರ್ಥವಾದದ್ದು ಇದೇ 1607ರಲ್ಲಿ, ಮದುವೆ ನಡೆದದ್ದು ಐದು ವರ್ಷ ತಡವಾಗಿ, 1612ರಲ್ಲಿ. ಅಷ್ಟು ಹೊತ್ತಿಗೆ ನೂರ್ ಜಹಾನ್ ಜಹಾಂಗೀರನ ಕೈಹಿಡಿದಿದ್ದಳು, ಕುಟುಂಬ ಮತ್ತೆ ತಲೆಯೆತ್ತಿತ್ತು. ತಡವಾದದ್ದಕ್ಕೆ ಷರೀಫನ ಕಳಂಕವೇ ಕಾರಣವೆಂದು ಹೇಳುವ ದಾಖಲೆಯಿಲ್ಲ. ಅದು ಊಹೆ, ಆದರೆ ತೆಗೆದುಹಾಕುವಂಥ ಊಹೆಯಲ್ಲ. ನಾವು ಶುದ್ಧ ಪ್ರೇಮಕಥೆ ಎಂದುಕೊಂಡಿರುವುದರ ಎಳೆಗಳು ಖುಸ್ರೋನ ಕಥೆಯ ಜೊತೆ ಮೊದಲ ದಿನದಿಂದಲೇ ಹೆಣೆದುಕೊಂಡಿದ್ದವು ಎಂಬುದಂತೂ ಸ್ಪಷ್ಟ. ಆ ಸಂಚಿನ ಬಳಿಕ ಖುಸ್ರೋನನ್ನು ಕುರುಡು ಮಾಡಿಸಿದರು ಎನ್ನುತ್ತಾರೆ. ಹೇಗೆ ಎಂಬುದರಲ್ಲಿ ಆ ಕಾಲದ ಬರಹಗಳು ಒಂದನ್ನೊಂದು ಒಪ್ಪುವುದಿಲ್ಲ. ಒಂದು ಕಣ್ಣಿನ ದೃಷ್ಟಿ ಮುಂದೆ ಸ್ವಲ್ಪ ಮರಳಿತು ಎಂದು ನಂಬಲು ಮಾತ್ರ ಆಧಾರವಿದೆ.

ಮುಂದಿನ ಘಟ್ಟಕ್ಕೆ ಹೊರಗಿನ ಸಾಕ್ಷಿ ಸಿಗುತ್ತದೆ. ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ 1616ರಲ್ಲಿ ಅಜ್ಮೇರಿನ ದರ್ಬಾರಿನಲ್ಲಿದ್ದ. ಖುಸ್ರೋ ಆಗ ಅನಿರಾಯ್ ಎಂಬ ರಜಪೂತ ಸರದಾರನ ಕಾವಲಿನಲ್ಲಿದ್ದ. ಅವನನ್ನು ತಮ್ಮ ವಶಕ್ಕೆ ತೆಗೆದುಕೊಳ್ಳಲು ನೂರ್ ಜಹಾನ್, ಆಸಫ್ ಖಾನ್, ಷಹಜಹಾನ್ ಮೂವರೂ ಒಟ್ಟಾಗಿ ಪ್ರಯತ್ನಿಸಿದರೆಂದೂ, ಬಾದಶಹನ ಕೈಯಿಂದ ಪಡೆದವನನ್ನು ಇನ್ನೊಬ್ಬರಿಗೆ ಕೊಡಲಾರೆ ಎಂದು ಅನಿರಾಯ್ ಮೊದಲಿಗೆ ಹಟ ಹಿಡಿದನೆಂದೂ ರೋ ತನ್ನ ದಿನಚರಿಯಲ್ಲಿ ಬರೆದ. ಕೊನೆಗೆ ಅಕ್ಟೋಬರ್‌ನಲ್ಲಿ ಖುಸ್ರೋ ಆಸಫ್ ಖಾನನ ಕಾವಲಿಗೆ ಹೋದ. ಅವನ ಪ್ರಾಣಕ್ಕೆ ಸಂಚಕಾರ ಬಂತು ಎಂಬ ಆತಂಕ ಊರಲ್ಲೆಲ್ಲ ಹರಡಿದ್ದನ್ನೂ ರೋ ದಾಖಲಿಸಿದ್ದಾನೆ. ಇದರ ಬೆಲೆ ಏನೆಂದರೆ, ಆ ಮಾತು ಕೊಲೆಯಾದ ಮೇಲೆ ಹುಟ್ಟಿದ ಕಟ್ಟುಕಥೆಯಲ್ಲ, ಸಾವಿಗೆ ಐದು ವರ್ಷಕ್ಕೂ ಮೊದಲೇ ಜನರ ಬಾಯಲ್ಲಿದ್ದ ಭಯ. ಮರುವರ್ಷದ ಆರಂಭದಲ್ಲಿ ದರ್ಬಾರು ಪ್ರಯಾಣದಲ್ಲಿದ್ದಾಗ ಮರದ ನೆರಳಲ್ಲಿ ರೋಗೆ ಖುಸ್ರೋ ಎದುರಾದ. ಉದ್ದಕ್ಕೆ ಬೆಳೆದ ಗಡ್ಡ, ನಗುಮುಖ. ಇಂಗ್ಲೆಂಡಿನಿಂದ ರಾಯಭಾರಿಯೊಬ್ಬ ಬಂದು ವರ್ಷ ಕಳೆದಿದ್ದರೂ ಆ ಸುದ್ದಿಯೇ ಅವನಿಗೆ ತಲುಪಿರಲಿಲ್ಲ. 1620ರಲ್ಲಿ ಅಹಮದ್‌ನಗರದ ಮಲಿಕ್ ಅಂಬರನ ಮೇಲೆ ದಂಡೆತ್ತಿ ದಖ್ಖನ್ನಿಗೆ ಹೊರಟ ಷಹಜಹಾನ್, ಖುಸ್ರೋನನ್ನು ತನ್ನ ಜೊತೆಗೆ ಕಳುಹಿಸಬೇಕೆಂದು ಕೇಳಿದ. ಅರ್ಧಕುರುಡನಾದ ಅಣ್ಣನಿಂದ ಯುದ್ಧದಲ್ಲಿ ಅವನಿಗೆ ಆಗಬೇಕಾದ್ದೇನೂ ಇರಲಿಲ್ಲ. ತಂದೆಯ ಆರೋಗ್ಯ ಕುಸಿಯುತ್ತಿತ್ತು. ತಾನು ರಾಜಧಾನಿಯಿಂದ ದೂರವಿದ್ದಾಗ ಗದ್ದುಗೆ ಖಾಲಿಯಾದರೆ ಅಲ್ಲಿ ಕೂರಿಸಲು ಯಾರ ಕೈಗೂ ಖುಸ್ರೋ ಸಿಗಬಾರದಿತ್ತು. ಜಹಾಂಗೀರ್ ಒಪ್ಪಿದ. ಖುಸ್ರೋನನ್ನು ತಪತಿ ನದಿಯ ದಂಡೆಯ ಬುರ್ಹಾನ್‌ಪುರಕ್ಕೆ ಕರೆದೊಯ್ದರು. 1622ರ ಜನವರಿಯಲ್ಲಿ ಅವನು ಅಲ್ಲಿ ಸತ್ತ. ಹೊಟ್ಟೆಶೂಲೆಯಿಂದ ತೀರಿಕೊಂಡ ಎಂದು ಷಹಜಹಾನ್ ತಂದೆಗೆ ಬರೆದು ತಿಳಿಸಿದ. ಜಹಾಂಗೀರ್ ಅದನ್ನು ಆತ್ಮಚರಿತ್ರೆಯಲ್ಲಿ ಚುಟುಕಾಗಿ ದಾಖಲಿಸಿ ಮುಂದಕ್ಕೆ ಹೋದ. ಮಾನ್ ಬಾಯಿ ಸತ್ತಾಗ ಪುಟ ತುಂಬ ಅತ್ತ ಲೇಖನಿ ಅವಳ ಮಗ ಸತ್ತಾಗ ಸಾಲು ದಾಟಲಿಲ್ಲ.

ಹೊಟ್ಟೆಶೂಲೆ ನಿಜವೇ ಇರಬಾರದೇಕೆ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಇದು. ಹದಿನೈದು ವರ್ಷ ಸೆರೆಯಲ್ಲಿ ಬೆಂದ ದೇಹ ಯಾವ ಕಾಯಿಲೆಗಾದರೂ ಬಲಿಯಾದೀತು. ಆಗ ಭಾರತದಲ್ಲಿದ್ದ ಇಂಗ್ಲಿಷ್ ಮತ್ತು ಡಚ್ ವ್ಯಾಪಾರಿಗಳು ಇದನ್ನು ಕೊಲೆಯೆಂದೇ ಬರೆದರು ನಿಜ. ಆದರೆ ಅವರು ಸಂತೆಯಲ್ಲಿ ಕೇಳಿದ್ದನ್ನು ಬರೆದವರು, ಅರಮನೆಯ ಒಳಗೆ ಕಂಡವರಲ್ಲ. ಅವರ ಮಾತಿನ ಮೇಲೆ ಮಾತ್ರ ತೀರ್ಪು ಕೊಡುವುದು ನ್ಯಾಯವಲ್ಲ. ನನ್ನನ್ನು ಒಪ್ಪಿಸುವ ಸಾಕ್ಷಿ ಬೇರೆ ಕಡೆಯಿಂದ, ಷಹಜಹಾನನ ಹೊಗಳುಗರ ಕಡೆಯಿಂದಲೇ ಬರುತ್ತದೆ. ಅವನ ಆಳ್ವಿಕೆಯ ಇತಿಹಾಸವನ್ನು ‘ಅಮಲ್-ಇ-ಸಾಲಿಹ್’ ಎಂಬ ಹೆಸರಿನಲ್ಲಿ ಬರೆದ ಮುಹಮ್ಮದ್ ಸಾಲಿಹ್ ಕಂಬೋ ಖುಸ್ರೋ ಸಾವಿನ ಪ್ರಸಂಗಕ್ಕೆ ಬಂದಾಗ ಕಾಯಿಲೆಯ ಕಥೆ ಹೇಳುವ ಗೋಜಿಗೇ ಹೋಗುವುದಿಲ್ಲ. ರಾಜ್ಯದ ಹಿತಕ್ಕಾಗಿ ಗದ್ದುಗೆಯ ಪೈಪೋಟಿಗಾರರನ್ನು, ಅವರು ಒಡಹುಟ್ಟಿದವರೇ ಆಗಿರಲಿ, ಇಲ್ಲವಾಗಿಸುವುದು ದೊರೆಗಳಿಗೆ ಸಲ್ಲುತ್ತದೆ ಎಂದು ವಾದ ಹೂಡುತ್ತಾನೆ. ಮಾಡದ ಕೊಲೆಗೆ ಸಮರ್ಥನೆ ಯಾರೂ ಬರೆಯುವುದಿಲ್ಲ. ಅದೂ ತನ್ನ ದೊರೆಯನ್ನು ಹೊಗಳಲೆಂದೇ ಕುಳಿತ ಇತಿಹಾಸಕಾರ ಬರೆಯುವುದಿಲ್ಲ. ಇದಕ್ಕಿಂತ ಭಾರವಾದದ್ದು 1628ರ ಘಟನೆ, ಏಕೆಂದರೆ ಅಲ್ಲಿ ಊಹೆಗೆ ಎಡೆಯೇ ಇಲ್ಲ.

1627ರ ಅಕ್ಟೋಬರ್ ಕೊನೆಯಲ್ಲಿ ಜಹಾಂಗೀರ್ ಸತ್ತಾಗ ಷಹಜಹಾನ್ ದಖ್ಖನ್ನಿನ ಜುನ್ನಾರಿನಲ್ಲಿದ್ದ. ಲಾಹೋರಿನ ಕಡೆಯಲ್ಲಿ ಜಹಾಂಗೀರನ ಕಿರಿಯ ಮಗ, ನೂರ್ ಜಹಾನಳ ಅಳಿಯ ಶಹರ್ಯಾರ್ ಪಟ್ಟಕ್ಕೆ ಕೈಯಿಟ್ಟಿದ್ದ. ಅಳಿಯ ಷಹಜಹಾನ್ ಬರುವ ತನಕ ಗದ್ದುಗೆ ಖಾಲಿ ಬಿಡಲಾಗದ ಆಸಫ್ ಖಾನ್, ಖುಸ್ರೋನ ಮಗ ದಾವರ್ ಬಕ್ಷನನ್ನು ಸೆರೆಯಿಂದ ಹೊರಗೆ ತಂದು ಬಾದಶಹನೆಂದು ಸಾರಿದ. ಹುಡುಗನಿಗೂ ಅನುಮಾನವಿತ್ತು, ಆಸಫ್ ಖಾನ್ ಆಣೆಯಿಟ್ಟು ಒಪ್ಪಿಸಬೇಕಾಯಿತು ಎನ್ನುತ್ತಾರೆ. ಅವನು ಬಲಿಗೆಂದು ಸಿಂಗರಿಸಿದ ಕುರಿ. ಶಹರ್ಯಾರ್ ಸೋತ, ಕಣ್ಣು ಕಳೆದುಕೊಂಡ. ದಾರಿಯಲ್ಲಿದ್ದ ಷಹಜಹಾನ್ ಸ್ವಂತ ಕೈಬರಹದಲ್ಲಿ ಆಸಫ್ ಖಾನನಿಗೆ ಅಪ್ಪಣೆ ಕಳುಹಿಸಿದ: ದಾವರ್ ಬಕ್ಷ್, ಅವನ ತಮ್ಮ ಗರ್ಷಾಸ್ಪ್, ಶಹರ್ಯಾರ್, ಚಿಕ್ಕಪ್ಪ ದಾನಿಯಾಲನ ಮಕ್ಕಳಾದ ತಹ್ಮುರಾಸ್ ಮತ್ತು ಹೋಶಂಗ್, ಈ ಐವರನ್ನೂ ಲೋಕದಿಂದ ಕಳುಹಿಸಿಬಿಡಬೇಕು. 1628ರ ಆರಂಭದಲ್ಲಿ ಲಾಹೋರಿನಲ್ಲಿ ಐವರನ್ನೂ ಕೊಂದರು. ಅದಾಗಿ ಕೆಲವೇ ವಾರಗಳಲ್ಲಿ ಆಗ್ರಾದಲ್ಲಿ ಪಟ್ಟಾಭಿಷೇಕ ನಡೆಯಿತು. ದಾವರ್ ಬಕ್ಷ್ ತಪ್ಪಿಸಿಕೊಂಡು ಪರ್ಷಿಯಾ ಸೇರಿದ ಎಂಬ ಮಾತೂ ಕೆಲವು ಪ್ರವಾಸಿಗರ ಬರಹದಲ್ಲಿದೆ. ಅದು ನಿಜವಾಗಿದ್ದರೂ ಅಪ್ಪಣೆ ಸುಳ್ಳಾಗುವುದಿಲ್ಲ. ಈ ಅಪ್ಪಣೆಯನ್ನು ಆಗಿನ ಇತಿಹಾಸಕಾರರು ಅಡಗಿಸಿಡಲಿಲ್ಲ. ಸೆರೆಯಲ್ಲಿದ್ದ, ದಂಡಿಲ್ಲದ, ಹಣವಿಲ್ಲದ ಅಣ್ಣನ ಮಕ್ಕಳನ್ನು ಹೀಗೆ ಮುಗಿಸಿದವನು, ಅಣ್ಣನೇ ತನ್ನ ಕೈಯಲ್ಲಿದ್ದಾಗ, ಅದೂ ತಂದೆಯ ಕಾಯಿಲೆಯ ದಿನಗಳಲ್ಲಿ, ಹೊಟ್ಟೆಶೂಲೆಗಾಗಿ ಕಾದು ಕುಳಿತಿದ್ದ ಎಂದು ನಂಬುವುದು ಕಷ್ಟ. ಆ ಮಕ್ಕಳನ್ನು ಕೊಲ್ಲಿಸಿದ ಆಸಫ್ ಖಾನ್ ಮುಮ್ತಾಜಳ ಹೆತ್ತ ತಂದೆ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಇಷ್ಟಕ್ಕೆಲ್ಲ ಸಿದ್ಧವಾದ ಒಂದು ಉತ್ತರವಿದೆ: ಆ ಕಾಲವೇ ಹಾಗಿತ್ತು, ಸಿಂಹಾಸನ ಇಲ್ಲವೇ ಸಮಾಧಿ. ಇಂದಿನ ನೀತಿಯಿಂದ ಅಂದಿನ ದೊರೆಗಳನ್ನು ಅಳೆಯಬಾರದು ಎನ್ನುವವರ ಕಾಳಜಿ ನನಗೂ ಅರ್ಥವಾಗುತ್ತದೆ. ಹಾಗಿದ್ದರೆ ಅಂದಿನ ನೀತಿಯಿಂದಲೇ ಅಳೆಯೋಣ. ತುರ್ಕಿಯ ಆಟೊಮನ್ ಮನೆತನದಲ್ಲಿ ಪಟ್ಟವೇರಿದವನು ಸಹೋದರರನ್ನು ಕೊಲ್ಲುವುದು ಕಟ್ಟಳೆಯೇ ಆಗಿತ್ತು. 1595ರಲ್ಲಿ ಮೂರನೇ ಮೆಹಮದ್ ಹತ್ತೊಂಬತ್ತು ಸಹೋದರರನ್ನು ಒಟ್ಟಿಗೆ ಕೊಲ್ಲಿಸಿದ. ಮೊಗಲರ ಮನೆಯಲ್ಲಿ ಅಂಥ ಕಟ್ಟಳೆ ಇರಲಿಲ್ಲ. ಬಾಬರ್ ತನ್ನ ಮಗ ಹುಮಾಯೂನನಿಗೆ ತಮ್ಮಂದಿರ ಮೇಲೆ ಕೈ ಮಾಡಬೇಡವೆಂದು ಹೇಳಿಹೋದ. ಹುಮಾಯೂನ್ ಆ ಮಾತಿಗೆ ಕಟ್ಟುಬಿದ್ದು ರಾಜ್ಯವನ್ನೇ ಕಳೆದುಕೊಂಡ. ಮೇಲಿಂದ ಮೇಲೆ ದ್ರೋಹ ಬಗೆದ ತಮ್ಮ ಕಾಮ್ರಾನನನ್ನು ಕೊನೆಗೆ, ಸರದಾರರ ಒತ್ತಾಯಕ್ಕೆ, ಕುರುಡು ಮಾಡಿಸಿ ಮೆಕ್ಕಾಕ್ಕೆ ಕಳುಹಿಸಿದನೇ ಹೊರತು ಕೊಲ್ಲಲಿಲ್ಲ. ಅಕ್ಬರನ ತಮ್ಮ ಮಿರ್ಜಾ ಹಕೀಮ್ ಪಂಜಾಬಿನ ಮೇಲೆ ದಂಡೆತ್ತಿ ಬಂದ. ಅಕ್ಬರ್ ಕಾಬೂಲಿನ ತನಕ ಅಟ್ಟಿಸಿಕೊಂಡು ಹೋಗಿ, ಗೆದ್ದು, ಕ್ಷಮಿಸಿ ಮರಳಿದ. ಜಹಾಂಗೀರ್ ಎರಡು ಸಲ ತಿರುಗಿಬಿದ್ದ ಮಗನ ಜೀವ ತೆಗೆಯಲಿಲ್ಲ. ಅಪವಾದವೇ ಇಲ್ಲವೆಂದಲ್ಲ. ಕಾಮ್ರಾನನ ಮಗ ಅಬುಲ್ ಖಾಸಿಮನನ್ನು ಅಕ್ಬರನ ಕಾಲದಲ್ಲಿ ಗ್ವಾಲಿಯರ್ ಕೋಟೆಯಲ್ಲಿ ಕೊಲ್ಲಲಾಯಿತು. ಆದರೂ ಒಟ್ಟು ಲೆಕ್ಕ ಸ್ಪಷ್ಟ: ಮೂರು ತಲೆಮಾರು ಈ ಮನೆತನ ಒಡಹುಟ್ಟಿದವರ ರಕ್ತಕ್ಕೆ ಹಿಂಜರಿದಿತ್ತು. ಬೇಲಿ ಮುರಿದವನು ಷಹಜಹಾನ್. ಆ ಕಾಲವೇ ಹಾಗಿತ್ತು ಎನ್ನುವುದಕ್ಕಿಂತ, ಆ ಕಾಲವನ್ನು ಹಾಗೆ ಮಾಡಿದವರಲ್ಲಿ ಅವನು ಮುಖ್ಯನಾದವನು ಎನ್ನುವುದೇ ಸರಿ.

ಈಗ ಮುಮ್ತಾಜಳ ಸಾವಿಗೆ ಬರೋಣ. 1631ರ ಜೂನ್ 17ರಂದು ಆಕೆ ತೀರಿಕೊಂಡದ್ದು ಇದೇ ಬುರ್ಹಾನ್‌ಪುರದಲ್ಲಿ. ಸರದಾರ ಖಾನ್ ಜಹಾನ್ ಲೋದಿಯ ದಂಗೆಯನ್ನೂ ಅವನಿಗೆ ಆಸರೆ ಕೊಟ್ಟ ಅಹಮದ್‌ನಗರದ ನಿಜಾಮಶಾಹಿಯನ್ನೂ ಬಗ್ಗುಬಡಿಯಲು ಷಹಜಹಾನ್ ಅಲ್ಲಿ ಬಿಡಾರ ಹೂಡಿದ್ದ. ಸುತ್ತಲಿನ ಸೀಮೆಯಲ್ಲಿ ಭೀಕರ ಬರ. ತುಂಬು ಬಸುರಿ ಎಂದಿನಂತೆ ಗಂಡನ ಜೊತೆ ಬಂದಿದ್ದಳು. ಹೆತ್ತ ಹದಿನಾಲ್ಕರಲ್ಲಿ ಬದುಕುಳಿದದ್ದು ಏಳು. ಗಂಡ ಪಟ್ಟವೇರಿದ 1628ರಲ್ಲೇ ಎರಡು ಮಕ್ಕಳನ್ನು ಮಣ್ಣು ಮಾಡಿದವಳು ಅವಳು. ಕೊನೆಯ ಕೂಸು ಗೌಹರ್ ಆರಾ ಉಳಿಯಿತು, ತಾಯಿ ಉಳಿಯಲಿಲ್ಲ. ತಪತಿಯಾಚೆಯ ಜೈನಾಬಾದಿನ ತೋಟದಲ್ಲಿ ಆರು ತಿಂಗಳು ಇರಿಸಿದ್ದ ಶವವನ್ನು ಡಿಸೆಂಬರ್‌ನಲ್ಲಿ ಮಗ ಷಾ ಶುಜಾ ಆಗ್ರಾಕ್ಕೆ ಕೊಂಡೊಯ್ದ. ಅದೇ ಹೊತ್ತಿಗೆ ಅವಳ ತಂದೆ ಆಸಫ್ ಖಾನ್ ದಂಡು ಕಟ್ಟಿಕೊಂಡು ನಮ್ಮ ವಿಜಯಪುರದ ಮೇಲೆ ಬಂದಿದ್ದ. ಕೋಟೆಗೆ ಮುತ್ತಿಗೆ ಹಾಕಿ, ಕಾಳು ಮೇವು ಸಿಗದೆ ಹಿಂದೆ ಸರಿದ. ಮಗಳು ಸತ್ತ ದುಃಖಕ್ಕೂ ಆ ಯುದ್ಧಯಂತ್ರ ನಿಲ್ಲಲಿಲ್ಲ. ಬುರ್ಹಾನ್‌ಪುರದಿಂದ ಆಗ್ರಾಕ್ಕೆ ಹೋಗುವ ಅದೇ ದಾರಿಯಲ್ಲಿ ಒಂಬತ್ತೂವರೆ ವರ್ಷದ ಹಿಂದೆ ಇನ್ನೊಂದು ಶವ ಹೋಗಿತ್ತು. ಬುರ್ಹಾನ್‌ಪುರದಲ್ಲಿ ಹೂತಿದ್ದ ಖುಸ್ರೋನನ್ನು 1622ರ ಬೇಸಗೆಯಲ್ಲಿ ಮತ್ತೆ ತೆಗೆದು ಆಗ್ರಾಕ್ಕೆ ತಂದು, ಅಲ್ಲಿಂದ ಅಲಹಾಬಾದಿಗೆ ಸಾಗಿಸಿ ತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಶವ ತಂಗಿದ ಕಡೆಗಳಲ್ಲಿ ಜನ ಗುರುತಿಗೆ ಗದ್ದುಗೆ ಕಟ್ಟಿ ಹೂವು ಏರಿಸಿದರು ಎಂಬ ಸುದ್ದಿಯೂ ಆ ಕಾಲದ ಬರಹಗಳಲ್ಲಿದೆ. ಆ ಗದ್ದುಗೆಗಳು ಜನ ಕಟ್ಟಿದವು, ಉಳಿಯಲಿಲ್ಲ. ಮುಮ್ತಾಜಳದಕ್ಕೆ ಸರ್ಕಾರದ ಬೊಕ್ಕಸದಿಂದ ಐವತ್ತು ಲಕ್ಷ ರೂಪಾಯಿ ಬಂತು ಎಂದು ಲಾಹೋರಿ ಲೆಕ್ಕ ಕೊಡುತ್ತಾನೆ. ಷಹಜಹಾನ್ ವಾರವಿಡೀ ಜನರಿಗೆ ಮುಖ ತೋರಿಸಲಿಲ್ಲ, ಗಡ್ಡ ನರೆಯಿತು, ಎರಡು ವರ್ಷ ಸಂಗೀತ ಕೇಳಲಿಲ್ಲ ಎಂಬುದನ್ನೂ ಆಸ್ಥಾನದವರೇ ಬರೆದಿಟ್ಟರು. ಖುಸ್ರೋನ ಹೆಂಡತಿ ಎಷ್ಟು ಅತ್ತಳೆಂದು ಬರೆಯಲು ಯಾರಿಗೂ ಸಂಬಳವಿರಲಿಲ್ಲ.

ಆ ಹೆಂಡತಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಪ್ರೀತಿಯ ಸ್ಮಾರಕವನ್ನು ರಾಜಕೀಯದಿಂದ ಮಲಿನ ಮಾಡಬೇಡಿ, ಮುಮ್ತಾಜ್ ಏನು ತಪ್ಪು ಮಾಡಿದಳು ಎಂದು ಕೇಳುವವರು ಬಹಳ ಜನ. ಮುಮ್ತಾಜಳ ಮೇಲೆ ಯಾವ ಆರೋಪವನ್ನೂ ಹೊರಿಸಲು ಆಧಾರವಿಲ್ಲ. ಅವಳೂ ಈ ಮನೆಯ ಯಂತ್ರಕ್ಕೆ ಸಿಕ್ಕ ಜೀವವೇ. ಷಹಜಹಾನನ ಪ್ರೀತಿಯೂ ನಟನೆಯಾಗಿರಲಿಲ್ಲ. ಆದರೆ ಪ್ರೀತಿಯೇ ಅಳತೆಗೋಲಾದರೆ ಥಾಮಸ್ ರೋ ಜೊತೆಗಿದ್ದ ಪಾದ್ರಿ ಎಡ್ವರ್ಡ್ ಟೆರ್ರಿಯ ಮಾತನ್ನೂ ಕೇಳಬೇಕು. ಖುಸ್ರೋನ ಮಡದಿ, ಅವಳು ಸರದಾರ ಅಜೀಜ್ ಕೋಕಾನ ಮಗಳೇ ಇರಬೇಕು, ಸುಖವನ್ನೆಲ್ಲ ಬಿಟ್ಟು ಗಂಡನ ಸೆರೆಯನ್ನೇ ಮನೆ ಮಾಡಿಕೊಂಡಿದ್ದಳು ಎಂದು ಅವನು ಬೆರಗಾಗಿ ಬರೆದ. ನೂರ್ ಜಹಾನಳ ಮಗಳು ಲಾಡ್ಲಿಯನ್ನು ಮದುವೆಯಾದರೆ ಬಿಡುಗಡೆ ಸಿಗುತ್ತದೆಂಬ ಸೂಚನೆ ಬಂದಾಗ ಒಪ್ಪಿಕೊಳ್ಳಿ ಎಂದು ಬೇಡಿಕೊಂಡವಳು ಈ ಹೆಂಡತಿಯೇ, ಒಲ್ಲೆ ಎಂದವನು ಖುಸ್ರೋ ಎಂದು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಹೇಳುತ್ತಾನೆ. ಅವನು ಕೇಳಿ ಬರೆದವನು, ಅಷ್ಟರಮಟ್ಟಿಗೆ ಎಚ್ಚರದಿಂದ ಓದಬೇಕು. ಆದರೆ ಲಾಡ್ಲಿ ಶಹರ್ಯಾರನ ಹೆಂಡತಿಯಾದದ್ದು, 1628ರಲ್ಲಿ ವಿಧವೆಯಾದದ್ದು ಎರಡೂ ಖಚಿತ.

ಇನ್ನೊಂದು ಅಂಜಿಕೆಯೂ ನ್ಯಾಯವಾದದ್ದೇ. ಮೊಗಲರ ಮನೆಯ ರಕ್ತದ ಕಥೆ ಹೇಳಿದರೆ ಅದನ್ನು ಇಡೀ ಸಮುದಾಯದ ಮೇಲಿನ ಹಗೆಗೆ ಬಳಸಿಕೊಳ್ಳುವವರು ಕಾದಿದ್ದಾರೆ, ಸುಮ್ಮನಿರುವುದೇ ಮೇಲು ಎನ್ನುವ ಅಂಜಿಕೆ. ನನಗೆ ಇದರ ಉಲ್ಟಾ ತೋರುತ್ತದೆ. ಈ ಕಥೆಯಲ್ಲಿ ವಿಷ ನುಂಗಿದವಳು ಅಂಬೇರಿನ ರಜಪೂತ ಮನೆಯ ಮಗಳು. ಕೊಂದವನೂ ಸತ್ತವನೂ ಇಬ್ಬರೂ ರಜಪೂತ ತಾಯಂದಿರ ಹೊಟ್ಟೆಯಲ್ಲಿ ಹುಟ್ಟಿದ ಮುಸ್ಲಿಮ್ ರಾಜಕುಮಾರರು. ಅವರ ಜೊತೆ ನಿಂತವರಲ್ಲಿ, ಅವರ ವಿರುದ್ಧ ನಿಂತವರಲ್ಲಿ ಎರಡೂ ಧರ್ಮದ ಸರದಾರರಿದ್ದರು. ಕಥೆಯನ್ನು ಪೂರ್ತಿ ಹೇಳಿದಾಗ ಅದನ್ನು ಧರ್ಮದ ಲೆಕ್ಕಕ್ಕೆ ಎಳೆದುಕೊಂಡು ಹೋಗುವುದು ಸುಲಭವಲ್ಲ. ಅರ್ಧ ಹೇಳಿ ಬಿಟ್ಟ ಜಾಗದಲ್ಲೇ ಸುಳ್ಳು ಬಂದು ಕೂರುವುದು. ಮಾನಸಿಂಗನ ಮನೆಯ ನಿವೇಶನದ ಬಗ್ಗೆ ಆದದ್ದೂ ಅದೇ.

ತಾಜ್ ಮಹಲಿನಲ್ಲಿ ಮಲಗಿರುವವಳ ಗಂಡುಮಕ್ಕಳಿಗೆ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು, ಅದನ್ನು ಬೇಗ ಹೇಳಿ ಮುಗಿಸಬಹುದು. ದಾರಾ ಮತ್ತು ಔರಂಗಜೇಬ್ ಇಬ್ಬರೂ ಎಳವೆಯಲ್ಲಿ, 1626ರಲ್ಲಿ, ತಂದೆ ಷಹಜಹಾನ್ ಜಹಾಂಗೀರನ ಮೇಲೆ ಎದ್ದ ದಂಗೆಗೆ ಜಾಮೀನಾಗಿ ತಾತನ ವಶಕ್ಕೆ ಹೋದವರು. 1659ರಲ್ಲಿ ದಾರಾನ ತಲೆ ಕಡಿಸಿದವನು ಔರಂಗಜೇಬ್. ಮುರಾದ್ 1661ರಲ್ಲಿ ಗ್ವಾಲಿಯರಿನಲ್ಲಿ ಸತ್ತ, ದಾರಾನ ಮಗ ಸುಲೈಮಾನ್ ಮರುವರ್ಷ ಅದೇ ಕೋಟೆಯಲ್ಲಿ. ಷಾ ಶುಜಾ, ತಾಯಿಯ ಶವವನ್ನು ಆಗ್ರಾಕ್ಕೆ ಕರೆತಂದ ಆ ಹುಡುಗ, ಅರಾಕಾನಿನಲ್ಲಿ ಇಲ್ಲವಾದ. ಆಗ್ರಾ ಕೋಟೆಯಲ್ಲಿ ಸೆರೆಯಾಗಿದ್ದ ಷಹಜಹಾನ್ ಕಾಗದಗಳಲ್ಲಿ ಮಗನನ್ನು ದೂರುತ್ತಿದ್ದ. ಅದಕ್ಕೆ ಔರಂಗಜೇಬ್ ಬರೆದ ಉತ್ತರಗಳಲ್ಲೊಂದನ್ನು ಇತಿಹಾಸಕಾರ ಜದುನಾಥ್ ಸರ್ಕಾರ್ ಬೆಳಕಿಗೆ ತಂದಿದ್ದಾರೆ. ನಿಮಗೆ ಯಾವ ಕೇಡನ್ನೂ ಬಗೆಯದಿದ್ದ ಅಣ್ಣಂದಿರಾದ ಖುಸ್ರೋ ಮತ್ತು ಪರ್ವೇಜರನ್ನು ಪಟ್ಟವೇರುವ ಮೊದಲೇ ಮುಗಿಸಿದಿರಲ್ಲ, ಅವರ ನೆನಪನ್ನು ಈಗ ಹೇಗೆ ಕಾಣುತ್ತೀರಿ ಎಂಬುದು ಅದರ ತಾತ್ಪರ್ಯ. ಈ ಸಾಕ್ಷಿಯನ್ನೂ ತೂಗಿಯೇ ಒಪ್ಪಬೇಕು. ಬರೆದವನು ತಾನು ಸುರಿಸಿದ ರಕ್ತಕ್ಕೆ ತಂದೆಯ ಹಳೆಯ ರಕ್ತವನ್ನು ಗುರಾಣಿ ಮಾಡಿಕೊಳ್ಳುತ್ತಿದ್ದ. ಪರ್ವೇಜನ ವಿಷಯದಲ್ಲಿ ಆರೋಪ ನಿಲ್ಲುವುದಿಲ್ಲ: ಅವನು 1626ರಲ್ಲಿ ಬುರ್ಹಾನ್‌ಪುರದಲ್ಲೇ ಸತ್ತನಾದರೂ ಕುಡಿತ ಅವನನ್ನು ಮೊದಲೇ ತಿಂದುಹಾಕಿತ್ತು, ಷಹಜಹಾನನೂ ಆ ಊರಲ್ಲಿರಲಿಲ್ಲ. ಖುಸ್ರೋನ ವಿಷಯ ಬೇರೆ. ಆ ಮಾತನ್ನು ತಂದೆಗೇ ನೇರವಾಗಿ ಬರೆಯುವಾಗ, ಅಲ್ಲ ಎನ್ನಲು ತಂದೆಗೆ ಬಾಯಿಲ್ಲ ಎಂಬ ಧೈರ್ಯ ಮಗನಿಗಿತ್ತು. ಹೊಟ್ಟೆಶೂಲೆಯ ಕಥೆಯನ್ನು ಆ ಮನೆಯೊಳಗೆ ಯಾರೂ ನಂಬಿರಲಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಕಾಶಿಯಾತ್ರೆಗೆ ಹೊರಟ ಕನ್ನಡಿಗರು ತ್ರಿವೇಣಿಯ ಸ್ನಾನಕ್ಕೆಂದು ಪ್ರಯಾಗದಲ್ಲಿ ಇಳಿದೇ ಇಳಿಯುತ್ತಾರೆ. ಅಲ್ಲಿನ ಜಂಕ್ಷನ್ನಿನ ಹತ್ತಿರದಲ್ಲೇ, ಎತ್ತರದ ಕಲ್ಲಿನ ಗೋಡೆಯ ಒಳಗೆ ಸುಮಾರು 40 ಎಕರೆಯ ಖುಸ್ರೋ ಬಾಗ್ ಇದೆ. ತಾಯಿ ಶಾ ಬೇಗಂ ಒಂದು ಕಡೆ, ಗುಮ್ಮಟದ ಕೆಳಗೆ ಮಗ ಇನ್ನೊಂದು ಕಡೆ. ನಡುವೆ ಅವನ ಒಡಹುಟ್ಟಿದ ಅಕ್ಕ ನಿಥಾರ್ ಬೇಗಂ ತನಗಾಗಿ ಕಟ್ಟಿಸಿಕೊಂಡು ಕೊನೆಗೆ ಮಲಗದೇ ಹೋದ, ಚಿತ್ತಾರದ ಚಾವಣಿಯ ಸಮಾಧಿ.  ಆಗ್ರಾದ ಟಿಕೆಟ್ಟನ್ನೂ ಕಾದಿರಿಸಿದವರು ಪ್ರಯಾಗವನ್ನು ಮೊದಲು ಇಟ್ಟುಕೊಂಡು, ಈ ಮೂರು ಸಮಾಧಿಗಳನ್ನು ನೋಡಿಕೊಂಡು ತಾಜ್ ಮಹಲಿಗೆ ಹೋಗಬೇಕು. ಘಟನೆಗಳು ನಡೆದದ್ದೂ ಅದೇ ಕ್ರಮದಲ್ಲಿ.